ಕಿಟಕಿ ಪಕ್ಕದ ಲರಮಾ

ಬಾರಿ ಎಂಬ ಈ ಕಡಲೂರಿನಲ್ಲಿ
ಒಂದು ದವಡೆಹಲ್ಲಿಗೆ ಒಂಬೈನೂರು ಯೂರೋ.
ನಮ್ಮ ಕುತೈಸಿಯಲ್ಲಿ ಅದೇ ಹಲ್ಲಿಗೆ, ಅದೇ ನೋವಿಗೆ
ನೂರಾ ಎಂಬತ್ತು.
ನಡುವೆ ಸಮುದ್ರಗಳು,
ವಾರಕ್ಕೆರಡು ವಿಮಾನ.

ಅಡೊಲೊರಾಟಾ ಅಜ್ಜಿಯ ಗೊರಕೆ ಹದಕ್ಕೆ ಬಂದ ಮೇಲೆ
ಲವಂಗ ಕಚ್ಚಿಕೊಂಡು, ಫೋನಿನ ಬೆಳಕನ್ನು
ಹೊದಿಕೆಯೊಳಗೆ ಬಚ್ಚಿಟ್ಟು ಹುಡುಕುತ್ತೇನೆ.
ನಾಳೆಯೇ ಹೊರಟರೆ ಇನ್ನೂರ ಹದಿನಾಲ್ಕು.
ಶನಿವಾರ ನೂರ ತೊಂಬತ್ತು.
ಹದಿನೇಳು ದಿನ ತಡೆದುಕೊಂಡರೆ
ಹತ್ತೊಂಬತ್ತು.
ನೋವಿಗೆ ತಾಳ್ಮೆ ಇದ್ದಷ್ಟೂ ಟಿಕೇಟು ಅಗ್ಗ.

ಗುರುವಾರ ಮಧ್ಯಾಹ್ನ ನಮಗೆಲ್ಲ ಬಿಡುವು.
ಪಾರ್ಕಿನ ಕಲ್ಲುಬೆಂಚಿನಲ್ಲಿ ಸೂರ್ಯಕಾಂತಿ ಸಿಪ್ಪೆ ಉಗುಳುತ್ತ
ತ್ಸಿಯುರಿ ಹೇಳಿದಳು:
"ಒಂದೇ ಫೋನಲ್ಲಿ ಎರಡು ಸಲ ನೋಡಬೇಡ,
ಅದಕ್ಕೆ ಆಸೆಯ ವಾಸನೆ ಬಡೀತದೆ.
ಸಂತೇಲಿ ಬದನೆಕಾಯಿ ಒತ್ತಿ ನೋಡಿ
ಮುಖ ತಿರುಗಿಸಿ ಮುಂದೆ ಹೋಗ್ತೀಯಲ್ಲ,
ಹಾಗೆ ನೋಡು."
ಹಾಗೇ ನೋಡಿದೆ. ಇಪ್ಪತ್ತಮೂರಾಯಿತು.
ಮರುರಾತ್ರಿ ನೋಡದೆ ಮಲಗಿದೆ, ಅಂದರೆ ಒಂದೇ ಸಲ ನೋಡಿದೆ,
ಮತ್ತೆ ಹತ್ತೊಂಬತ್ತು.
ಆ ಕಡೆ ಯಾರೋ ನಿದ್ದೆಗೆಟ್ಟು ಕೂತು
ನನ್ನ ದವಡೆಯನ್ನು ಓದುತ್ತಿದ್ದಾರೆ.

ಚೀಲ ಬೇಕೆ? ಬೇಡ.
ಕಿಟಕಿ ಬೇಕೆ? ಬೇಡ.
ವಿಮೆ? ಬೇಡ.
ಇಳಿದ ಮೇಲೆ ಬಾಡಿಗೆ ಕಾರು?
ನಗು ಬಂತು, ಹಲ್ಲು ಝುಮ್ಮೆಂದಿತು.
ನಿಜವಾಗಿಯೂ ಬೇಡವೆ? ಇನ್ನೊಮ್ಮೆ ಯೋಚಿಸಿ...
"ಯಾರದು, ಬೇಡ ಬೇಡ ಅಂತಿರೋದು?"
ಅಜ್ಜಿ ಕತ್ತಲಲ್ಲಿ ಎದ್ದು ಕೂತಿದ್ದಳು.
ಬೆಚ್ಚಿ ಒತ್ತಿಬಿಟ್ಟೆ.

ಅವಳನ್ನು ಪಾಯಿಖಾನೆಗೆ ನಡೆಸಿ, ಒರೆಸಿ, ಮಲಗಿಸಿ
ಬಂದು ನೋಡಿದರೆ
ಟಿಕೇಟು ಬಂದಿತ್ತು. ಲರಮಾ ಗೊಗಿತಿದ್ಜೆ.
ನಾನು ಲಮರಾ.
ಅಪ್ಪ ಇಟ್ಟ ಹೆಸರಲ್ಲಿ ಮ, ರ ಎರಡೂ
ಜಾಗ ಬದಲಿಸಿಕೊಂಡು ತಣ್ಣಗೆ ಕೂತಿದ್ದವು.
ಹೆಸರು ತಿದ್ದಲು ನೂರ ಹದಿನೈದು ಯೂರೋ.
ಮೂಗಿಗಿಂತ ಮೂಗುತಿ ಭಾರ!
ಅದೇ ವಿಮಾನಕ್ಕೆ ಹೊಸದೇ ಕೊಂಡೆ, ಇಪ್ಪತ್ತೇಳಕ್ಕೆ,
ಒಂದೊಂದೇ ಅಕ್ಷರ ಬಾಯಿಬಿಟ್ಟು ಹೇಳಿಕೊಳ್ಳುತ್ತ.
"ಒಟ್ಟು ನಲವತ್ತಾರು," ತ್ಸಿಯುರಿ ಬೆರಳು ಮಡಿಚಿದಳು,
"ಅಳಬೇಡ, ಅಳುವಷ್ಟು ದುಡ್ಡಲ್ಲ."

ಹದಿನೇಳು ದಿನ ಲರಮಾಳ ಜೊತೆ ಬಾಳಿದೆ.
ಅವಳಿಗೆ ಮೂವತ್ತೆರಡೂ ಹಲ್ಲು ಗಟ್ಟಿ.
ಯಾರ ಕಾಲೂ ತೊಳೆಯುವುದಿಲ್ಲ,
ಲವಂಗದ ಘಾಟು ಗೊತ್ತಿಲ್ಲ.
ಸುಮ್ಮನೆ ಕುತೂಹಲಕ್ಕೆ ಇಬ್ಬರನ್ನೂ ಚೆಕ್-ಇನ್ ಮಾಡಿದೆ.
ನನಗೆ ಮೂವತ್ತೊಂದನೇ ಸಾಲು, ನಡುವಿನ ಸೀಟು.
ಅವಳಿಗೆ ಹದಿನಾಲ್ಕು, ಕಿಟಕಿ.
ಪುಕ್ಕಟೆ.

ಮೂರು ಸ್ವೆಟರು ಒಂದರ ಮೇಲೊಂದು ತೊಟ್ಟು
ಕೋಟಿನ ಜೇಬಲ್ಲಿ ಚೀಸು ತುರುಕಿ ಹತ್ತಿದೆ.
ಕೈಚೀಲ ತೂಗಿದರು, ನನ್ನನ್ನು ತೂಗಲಿಲ್ಲ.
ಪಕ್ಕದವನು ಬಾಯ್ದೆರೆದು ನಿದ್ದೆಹೋದ.
ಅವನ ಹಲ್ಲು ಎಣಿಸಿದೆ, ಈಚೆಗೆ ಅದೊಂದು ಚಾಳಿ.
ಗಗನಸಖಿ ತಲೆ ಎಣಿಸುತ್ತ ಹಿಂದಕ್ಕೆ ಬಂದಳು,
ತುಟಿ ಬಿಗಿದು ಮುಂದಿನಿಂದ ಮತ್ತೊಮ್ಮೆ ಎಣಿಸಿದಳು.
ಯಾರು ಕಮ್ಮಿ ಎಂದು ನನಗೆ ಗೊತ್ತು.
ಹೇಳಲಿಲ್ಲ.

ನಡುರಾತ್ರಿ ಕಾಲು ಎಳೆಯುತ್ತ ಹದಿನಾಲ್ಕಕ್ಕೆ ಹೋದೆ.
ಬೆಲ್ಟು ಮಡಿಚಿದಂತೆಯೇ ಇತ್ತು.
ಅಂಚಿನ ಸೀಟಿನ ಮುದುಕ ಕಣ್ಣುಜ್ಜಿ ಕೇಳಿದ:
"ಇಲ್ಲಿ ಯಾರಾದರೂ ಬರ್ತಾರಾ?"
"ಬಂದಿದ್ದಾಳೆ," ಎಂದೆ, ಅವನ ಮೊಣಕಾಲು ದಾಟಿ ಕೂತೆ.

ಕೆಳಗೆ ಕಪ್ಪು ಸಮುದ್ರ ಹೆಸರಿಗೆ ತಕ್ಕ ಹಾಗಿತ್ತು.
ಮೀನುದೋಣಿಯ ದೀಪಗಳು
ಒಂದು, ಎರಡು, ಆಮೇಲೆ ತುಂಬ ಹೊತ್ತು ಏನೂ ಇಲ್ಲ.
ಲರಮಾ ನೋಡಿದಳು.
ನಾಲಿಗೆ ತನ್ನಷ್ಟಕ್ಕೆ ಹಲ್ಲನ್ನು ಹುಡುಕಲಿಲ್ಲ.

"ಇದು ನಿಮ್ಮ ಸೀಟಾ?" ಎಂದಳು ಗಗನಸಖಿ, ಮೆಲ್ಲಗೆ.
ಎದ್ದೆ.
ಮೂವತ್ತೊಂದರಲ್ಲಿ ನೋವು
ನನ್ನ ಜಾಗ ಹಿಡಿದುಕೊಂಡು ಕೂತಿತ್ತು.