ಬೆನ್ನಿಗೆ ಆರು ಕ್ಲಿಪ್ಪು

ಉಪ್ಪಳದ ನನ್ನ ಸ್ಟುಡಿಯೋದಲ್ಲಿ, ಕನ್ನಡಿಯ ಪಕ್ಕ
ಒಂದು ಮೊಳೆ; ಮೊಳೆಯಲ್ಲಿ ಒಂದೇ ಒಂದು ಬ್ಲೇಜರ್.
ನೇವಿ ನೀಲಿ ಅಂತ ತಂದದ್ದು. ಈಗ ಬಂಗುಡೆಯ ಬೆನ್ನಿನ ಹಾಗೆ
ಬೆಳಕು ಬಿದ್ದಲ್ಲಿ ಹಸಿರು, ಬೀಳದಲ್ಲಿ ಕಪ್ಪು.
ಅಳತೆ ನಲವತ್ತೆರಡು.
ಆ ಕಾಲಕ್ಕೆ ಊರಿನಲ್ಲಿ ನಲವತ್ತೆರಡರ ಎದೆ ಇದ್ದದ್ದು
ಮೀನು ಲಾರಿಯ ದೂಮಣ್ಣನಿಗೆ ಮಾತ್ರ.
ಅವನು ಫೋಟೋ ತೆಗೆಸಲು ಬರಲೇ ಇಲ್ಲ.

ಬಂದವರಿಗೆಲ್ಲ ಬೆನ್ನಿಗೆ ಕ್ಲಿಪ್ಪು,
ಬಟ್ಟೆ ಒಣಗಿಸುವ ಮರದ ಕ್ಲಿಪ್ಪು.
ತೆಳ್ಳಗಿನವರಿಗೆ ನಾಲ್ಕು,
ಹತ್ತನೇ ಕ್ಲಾಸು ಮುಗಿಸಿ ದುಬಾಯಿಗೆ ಹೊರಟವರಿಗೆ ಆರು.
ಎದುರಿನಿಂದ ಮ್ಯಾನೇಜರು,
ಹಿಂದಿನಿಂದ ಮುಳ್ಳುಹಂದಿ.

ತಪ್ಪು ಎಲ್ಲರೂ ಮಾಡುತ್ತಿದ್ದರು.
ಕೆಳಗಿನ ಗುಂಡಿ ಹಾಕಬೇಡ ಅಂದರೂ ಕೈ ಕೇಳುವುದಿಲ್ಲ;
ಇರುವ ಗುಂಡಿಯನ್ನು ಹಾಗೇ ಬಿಡುವುದೆಂದರೆ ಅವರಿಗೆ
ಬಡಿಸಿದ ಅನ್ನ ಎಲೆಯಲ್ಲಿ ಬಿಟ್ಟ ಹಾಗೆ.
ಬೇಳದ ಸಿಲ್ವೆಸ್ಟರ್ ಕ್ರಾಸ್ತಾ ಕೇಳಿದ,
‘ಹಾಕಲಿಕ್ಕಿಲ್ಲದ ಗುಂಡಿ ಇಟ್ಟದ್ದು ಎಂತಕ್ಕೆ ಮಾರಾಯ?’
ನನಗೆಲ್ಲಿ ಗೊತ್ತು? ಮಂಗಳೂರಿನ ಅಂಗಡಿಯವ ಹೇಳಿದ್ದನ್ನೇ ಹೇಳಿದೆ:
ಅದು ತೋರಿಸಲಿಕ್ಕೆ,
ಕೆಲವು ಮನೆಗಳ ಮುಂಬಾಗಿಲಿನ ಹಾಗೆ.

ಬೆರಳಿನ ಗಂಟಿನವರೆಗೆ ಇಳಿದ ತೋಳನ್ನು
ತೋಡಿಗೆ ಇಳಿಯುವವರ ಹಾಗೆ ಮೇಲಕ್ಕೆ ಮಡಚುವರು.
ಎದೆಯ ಕಿಸೆಗೆ ಪೆನ್ನು, ಪೆನ್ನಿನ ಜೊತೆಗೆ ಇನ್ನೊಂದು ಪೆನ್ನು,
ಒಬ್ಬನಂತೂ ಬೀಡಿಯ ಕಟ್ಟು.
ಮೊದಲ ದಿನವೇ ತೋಳಿನ ಕಂಪೆನಿ ಚೀಟಿ ಕತ್ತರಿಸಲು ಹೊರಟಾಗ
ಕೈ ಹಿಡಿದದ್ದು ಬಂದ್ಯೋಡಿನ ಅಂದುಂಞಿ:
‘ಇರಲಿ. ಬೆಲೆಯದ್ದು ಅಂತ ಗೊತ್ತಾಗಲಿ.’
ಇವತ್ತಿಗೂ ಇದೆ. ಅಕ್ಷರ ಮಾತ್ರ ಅಳಿಸಿದೆ.

ಪಾಸ್‌ಪೋರ್ಟು ಫೋಟೋದಲ್ಲಿ ಎದೆಯಿಂದ ಮೇಲಷ್ಟೇ.
ಗುಂಡಿ ಬರುವುದಿಲ್ಲ, ತೋಳು ಬರುವುದಿಲ್ಲ,
ಕೋಟಿನ ಕೆಳಗಿನ ಚೌಕುಳಿ ಲುಂಗಿಯೂ ಬರುವುದಿಲ್ಲ.
ಆದರೂ ಹೇಳುತ್ತಿದ್ದೆ.
ಕಾಣದ ಜಾಗದ ತಪ್ಪು ಮುಖಕ್ಕೆ ಏರುತ್ತದೆ
ಅಂತ ಆಗೆಲ್ಲ ನಂಬಿದ್ದೆ.

ಮಂಗಲ್ಪಾಡಿಯ ಕುಂಞಾಮು ಮಾತ್ರ
ಎಲ್ಲ ತಪ್ಪಿಗೂ ದೊಡ್ಡದೊಂದನ್ನು ಮಾಡಿದ.
ರೈಲಿಗೆ ಹೊತ್ತಾಯಿತು ಅಂತ ಫೋಟೋ ಕಿತ್ತುಕೊಂಡು ಓಡಿದವನು
ಕೋಟು ಬಿಚ್ಚಲಿಲ್ಲ.
ನಾನು ಕೂಗಿದ್ದು ಗೂಡ್ಸ್ ಗಾಡಿಯ ಸದ್ದಿಗೆ ಹೋಯಿತು.
ಬೆನ್ನ ಮೇಲೆ ಆರು ಕ್ಲಿಪ್ಪು ಇಟ್ಟುಕೊಂಡೇ
ಕಲ್ಲಿಕೋಟೆಯ ಪಾಸ್‌ಪೋರ್ಟು ಆಫೀಸಿಗೆ ಹೋಗಿ ಬಂದ.

ಮರುದಿನ ಕೋಟು ಮಡಚಿ ತಂದು ಹೇಳಿದ:
‘ಕಿಟಕಿಯ ಬದಿಯ ಸೀಟು ಬಿಟ್ಟುಕೊಟ್ಟರು ಐತಪ್ಪಣ್ಣ,
ಸಾರ್ ಅಂತ ಕರೆದರು.
ಒರಗಿದರೆ ಚುಚ್ಚುತ್ತಿತ್ತು.
ಕೋಟಿನವರು ಹೀಗೇ ನೆಟ್ಟಗೆ ಕೂರುವುದು ಅಂತ ಎಣಿಸಿ
ನಾಲ್ಕು ಗಂಟೆ ಒರಗದೆ ಕೂತೆ.’
ಕ್ಲಿಪ್ಪು ಎಣಿಸಿದೆ. ಐದಿತ್ತು.

ಈಗ ಕೋಟನ್ನು ಕಂಪ್ಯೂಟರಿನಲ್ಲೇ ತೊಡಿಸುತ್ತೇನೆ.
ಕುತ್ತಿಗೆಯ ಕೆಳಗೆ ಒಂದು ಒತ್ತು, ಆಯಿತು.
ಬೆವರಿಲ್ಲ, ಅತ್ತರಿನ ವಾಸನೆಯಿಲ್ಲ,
ಹೆಗಲ ಹೊಲಿಗೆ ಹೆಗಲು ಮುಗಿದಲ್ಲೇ ಮುಗಿಯುತ್ತದೆ.
ಬೈಯಲಿಕ್ಕೆ ಒಂದು ತಪ್ಪೂ ಸಿಗುವುದಿಲ್ಲ.

ಕಳೆದ ಗುರುವಾರ ಬಂದ ಕುಂಞಾಮು.
ಬಿಳಿ ಗಡ್ಡ, ಮೊಣಕಾಲು ನೋವು, ಯಾವುದೋ ಪೆನ್ಶನ್ ಅರ್ಜಿಗೆ ಫೋಟೋ.
‘ಆ ಕೋಟು ಉಂಟಾ?’
ಮೊಳೆಯಿಂದ ತೆಗೆದು ಕೊಡವಿದೆ. ತೊಟ್ಟ.
ತೊಟ್ಟು, ಹೇಳದೆಯೇ ನನಗೆ ಬೆನ್ನು ತಿರುಗಿಸಿ
ಸುಮ್ಮನೆ ನಿಂತ.

‘ಬೇಡ ಕುಂಞಾಮು,’ ಅಂದೆ.
ನಲವತ್ತೆರಡು ಸರಿಯಾಗಿ ಕೂತಿತ್ತು.

ಒರಗುವ ಕುರ್ಚಿ ಕೊಟ್ಟೆ; ಒರಗಲಿಲ್ಲ.
ಮೇಲಿನ ಗುಂಡಿ ಹಾಕಿದ.
ಹೊಟ್ಟೆಯ ಮೇಲೆ ಎಳೆದು ಎಳೆದು ಕೆಳಗಿನದ್ದನ್ನೂ ಹಾಕಿದ.
ನನ್ನ ಬಾಯಿಯವರೆಗೆ ಬಂತು.

‘ಗಲ್ಲ,’ ಅಂದೆ, ‘ಒಂಚೂರು ಕೆಳಗೆ.’