ಷರಾ

ಊರು ಮಹಾನಗರಕ್ಕೆ ಸೇರಿದ ವರ್ಷ
ಹುಬ್ಬಳ್ಳಿಯಿಂದ ಕಾಗದ ಬಂತು: ನೀರಿನ ವಾಲ್‌ಗಳ ನಕ್ಷೆ ಕಳಿಸತಕ್ಕದ್ದು.
ಪಂಚಾಯ್ತಿ ಕಪಾಟಿನ ಕೆಳಖಾನೆ ಹುಡುಕಿದೆ.
ಗೆದ್ದಲು ಹತ್ತಿದ ಜಮಾಬಂದಿ,
ಉದ್ಘಾಟನೆಯ ರಿಬ್ಬನ್ನು ಕತ್ತರಿಸಿದ ಕತ್ತರಿ,
ಕರ ಬಾಕಿಗೆ ಎಂದೋ ಜಪ್ತಾದ ಒಂದು ತಾಮ್ರದ ಕೊಡ.

ನಕ್ಷೆ ದಾವಲಸಾಬರ ಅಂಗಾಲಿನಲ್ಲಿತ್ತು.

ಮೂವತ್ತೊಂದು ವರ್ಷ ನೀರು ಬಿಟ್ಟ ಮನುಷ್ಯ.
ಹೆಗಲಿಗೆ ಕಬ್ಬಿಣದ ಚಾವಿ, ಅವರಿಗಿಂತ ಒಂದು ಗೇಣು ಉದ್ದ,
ಕಿಸೆಯಲ್ಲಿ ಮಡಚಿದ ಲಗ್ನಪತ್ರಿಕೆಗಳು:
ಯಾರ ಮನೆಯಲ್ಲಿ ಯಾವತ್ತು ಅಕ್ಕಿಕಾಳು,
ಯಾವ ಓಣಿಗೆ ಅವತ್ತು ಅರ್ಧ ತಾಸು ಹೆಚ್ಚು.

ಕಿರಿಯ ಇಂಜಿನಿಯರು ಬಂದರು. ಕೈಯಲ್ಲಿ ಟ್ಯಾಬು, ಕಾಲಿಗೆ ಬಿಳಿ ಬೂಟು.
ನಮ್ಮ ಎರಿ ಮಣ್ಣು ಎರಡನೇ ಓಣಿಯೊಳಗೇ
ಬೂಟನ್ನು ತನ್ನ ಬಣ್ಣಕ್ಕೆ ಎಳೆದುಕೊಂಡಿತು.
ವಹಿ ಹಿಡಿದು ಹಿಂದೆ ನಾನು, ಕಂಪ್ಯೂಟರ್ ಆಪರೇಟರ್.

"ಇಲ್ಲೊಂದೈತ್ರಿ." ಹಿಮ್ಮಡಿಯಿಂದ ಎರಡು ಸಲ ಕುಟ್ಟಿದರು.
ಅಗೆದರೆ ಇತ್ತು.
"ಎರಡೂವರಿ ಸುತ್ತು. ಮೂರು ಸುತ್ತಿದ್ರ ಅಗಸಿ ಕಡೆ ಪೈಪು ಒಡೀತೈತಿ.
ಇನ್ನೊಂದು ಫಕ್ಕೀರವ್ವನ ಕಟ್ಟಿ ಬುಡಕ್ಕ.
ಆಕಿ ಮೊದ್ಲು ಬೈತಾಳ, ಆಮ್ಯಾಲ ಚಾ ಕೊಡ್ತಾಳ. ಬರ್ಕೋ ತಂಗಿ."
ಬರೆದುಕೊಂಡೆ. ಚಹಾಕ್ಕೆ ಕಾಲಮ್ಮು ಇರಲಿಲ್ಲ.

"ಇದಕ್ಕ ಕಿವಿ ಹಚ್ಚಿ ತಿರುವಬೇಕ್ರಿ ಸಾಹೇಬ್ರ.
ಹಾವು ಬುಸುಗುಟ್ಟಿದಂಗ ಆದ್ರ ಗಾಳಿ,
ಕೂಸು ಹಾಲು ಕುಡದಂಗ ಆದ್ರ ನೀರು."
ಇಂಜಿನಿಯರು ಬಗ್ಗಿ ಕಿವಿ ಹಚ್ಚಿದರು,
ಏನೂ ಕೇಳದೆ ತಲೆಯಾಡಿಸಿದರು.

ಹದಿನೇಳು ಗುಂಡಿ. ಅಕ್ಷಾಂಶ, ರೇಖಾಂಶ, ವ್ಯಾಸ, ಸ್ಥಿತಿ,
ಕೊನೆಗೆ ಷರಾ.

ಹದಿನೆಂಟನೆಯದು ಊರಾಚೆ, ಬೈಪಾಸಿನ ಮೋರಿ ಬುಡದಲ್ಲಿ.
ಅಲ್ಲಿ ದಾವಲಸಾಬರು ಎಲಿ ತೆಗೆದರು,
ಬಹಳ ಹೊತ್ತು ಸುಣ್ಣ ಹಚ್ಚಿದರು.
ಮೋರಿಯಾಚೆ ನಲವತ್ತು ತಗಡಿನ ಮನೆ.
ಗುಜರಿ ಆರಿಸುವವರು, ಕೌದಿ ಹೊಲಿಯುವವರು,
ಒಳಕಲ್ಲು ಕಟೆಯುವವರು.
ಮನೆ ನಂಬರಿಲ್ಲ, ಆದ್ದರಿಂದ ಕರವಿಲ್ಲ,
ಆದ್ದರಿಂದ ರಸೀದಿ ಇಲ್ಲ, ಆದ್ದರಿಂದ
ನನ್ನ ಕಂಪ್ಯೂಟರಿನಲ್ಲಿ ಆ ಜಾಗ ಬಯಲು.
ಬಯಲಿನಲ್ಲಿ ಅರಿವೆ ಒಣಗುತ್ತಿದ್ದವು.
ಒಗೆದ ಅರಿವೆ.

"ಇದೇನ್ರಿ?" ಬೂಟಿನ ತುದಿಗೆ ಕಬ್ಬಿಣ ತಾಗಿತ್ತು.
ದಾವಲಸಾಬರು ನನ್ನ ಕಡೆ ನೋಡಲಿಲ್ಲ,
ಬೈಪಾಸಿನ ಲಾರಿ ನೋಡಿದರು.
"ಹಳೇದ್ರಿ."
ಅಂದವರು ಯಾರು ಅಂತ ತಿರುಗಿದೆ. ನಾನೇ.

ಕ್ರಮಾಂಕ ಹದಿನೆಂಟು. ವ್ಯಾಸ ಎರಡು ಇಂಚು.
ಷರಾ: ತುಕ್ಕು ಹಿಡಿದಿದೆ. ತಿರುಗುವುದಿಲ್ಲ.

ನಾನು ಬರೆದ ಮೊದಲ ಸುಳ್ಳೇನಲ್ಲ ಅದು.
ಶೌಚಾಲಯ ನೂರಕ್ಕೆ ನೂರು ಅಂತ ಬರೆದವಳು ನಾನು,
ಗ್ರಾಮಸಭೆಗೆ ಬಾರದವರ ಹೆಬ್ಬೆಟ್ಟು ಎಣಿಸಿದವಳು.
ಅವೆಲ್ಲ ಮೇಲಿನವರು ಹೇಳಿ ಬರೆಸಿದವು.
ಇದೊಂದು ಸ್ವಂತದ್ದು.

ತಿಂಗಳ ಕೊನೆಗೆ ಚಾವಿ ಜಮಾ ಮಾಡಿಸಿಕೊಂಡೆ, ರಸೀದಿ ಕೊಟ್ಟೆ:
ಕಬ್ಬಿಣದ್ದು, ಒಂದು.
ಅವರು ಮೆಟ್ಟಿಲಿಳಿದರು. ಭಾರವಿಲ್ಲದ ಹೆಗಲು
ಇನ್ನೂ ಒಂದೇ ಕಡೆ ವಾಲಿತ್ತು.

ಎಂಟನೇ ದಿನ, ನಸುಕಿನ ನಾಲ್ಕೂವರೆ.
ಆಫೀಸಿನ ಕೀಲಿ ಯಾರು ತೆಗೆದರು ಅಂತ ಕೇಳಬೇಡಿ.
ಚಾವಿ ನನ್ನ ಎತ್ತರಕ್ಕೆ ಬಹಳ ಉದ್ದ,
ಮೋರಿಗೆ ಹೋಗುವ ತನಕ ಎರಡು ಸಲ ಹೆಗಲು ಬದಲಿಸಿದೆ.
ಬಗ್ಗಿದೆ. ಕಿವಿ ಹಚ್ಚಿದೆ.
ಮೊದಲು ಹಾವು.
ಆಮೇಲೂ ಹಾವು.
ಆಚೆ ಯಾರೋ ಕತ್ತಲಲ್ಲಿ ಕೊಡ ಇಟ್ಟ ಸಪ್ಪಳ,
ಅದರ ಬೆನ್ನಿಗೆ ಇನ್ನೊಂದು.

ಇದಕ್ಕೆ ಎಷ್ಟು ಸುತ್ತು ಅಂತ
ಅವರು ಹೇಳಿರಲಿಲ್ಲ,
ನಾನೂ ಬರೆದುಕೊಂಡಿರಲಿಲ್ಲ.