ಮೂರನೇ ಬಾಯಿ

ಅವರು ಕೇಳಿದ್ದು ಇಷ್ಟೇ:
ಇಪ್ಪತ್ತು ವರ್ಷದ ಮೇಲೆ
ಜೂನ್ ಚಳಿಯ ಯಾವುದೋ ಒಂದು ರಾತ್ರಿ
ಹೆಚ್ಚೆಂದರೆ ಎಷ್ಟು ಕರೆಂಟು ಬೇಕು, ಎಷ್ಟು ಗ್ಯಾಸು?
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೇ
ನನ್ನ ಉದ್ಯೋಗ. ಅದಕ್ಕೆ ಸಂಬಳವಿದೆ.

ಈಗ ಮೂರು ಗೇಟು. ಆಮೇಲೆ ಒಂಬತ್ತು.
ಮಾಂಸದ ಪೆಟ್ಟಿಗೆಗಳು ಮಲಗಲು ಒಂದು ತಣ್ಣನೆ ಉಗ್ರಾಣ.
ಹೊರಗೆ ಇರುಳೆಲ್ಲ ಬಕೀಟಿನ ನೀರು ಗಡ್ಡೆ ಕಟ್ಟುತ್ತದೆ,
ಒಳಗೆ ತಂಪಿಡಲು ವಿದ್ಯುತ್ತು!
ನಗಬೇಡ, ಎಂದರು ದೊನ್ ಎವಾರಿಸ್ತೊ,
ಮಧ್ಯಾಹ್ನದ ಬಿಸಿಲನ್ನೂ ಲೆಕ್ಕಕ್ಕೆ ಹಿಡಿ.

ಕೆಟಲಾಗಿನಲ್ಲಿ ಜನರೇಟರಿಗೆ ಸಾವಿರ ಕಿಲೋವ್ಯಾಟಿನ ಹೆಸರು.
ಅದು ಸಮುದ್ರದ ದಂಡೆಯ ಮಾತು.
ಎಲ್ ಆಲ್ತೊದ ಈ ಬಯಲಲ್ಲಿ, ನಾಲ್ಕು ಸಾವಿರ ಮೀಟರಿನಲ್ಲಿ,
ಅದೇ ಯಂತ್ರ ಆರುನೂರೈವತ್ತಕ್ಕೆ ಏದುತ್ತದೆ.
ಕೆಳಗಿನ ಊರುಗಳಿಂದ ಬಂದಿಳಿದವರ ಹಾಗೆ
ಗೋಡೆಗೊರಗಿ ನಿಲ್ಲುವುದೊಂದು ಬಾಕಿ.
ವಿಮಾನವೂ ಇಲ್ಲಿ ಓಡುವುದು ಜಾಸ್ತಿ, ಏರುವುದು ಕಡಿಮೆ.
ಈ ತೆಳುಗಾಳಿಯಲ್ಲಿ ಪೂರಾ ಕೆಲಸ ಮಾಡುವವರು
ಬೆನ್ನಿಗೆ ಮೂಟೆ ಕಟ್ಟಿದ ನಮ್ಮ ಹೆಂಗಸರು ಮಾತ್ರ.
ಅವರ ಮೇಲೆ ಯಾವ ಕಂಪನಿಯೂ ಕಿಲೋವ್ಯಾಟು ಬರೆದಿಲ್ಲ.

ಎರಡು ದಿಕ್ಕಿನಿಂದ ಎರಡು ತಂತಿ ಎಳೆಸಿದೆ,
ಒಂದಕ್ಕೆ ಸಿಡಿಲು ಹೊಡೆದರೆ ಇನ್ನೊಂದು.
ಎರಡೂ ಸತ್ತರೆ ಡೀಸೆಲ್ಲು.
ರನ್‌ವೇಯ ದೀಪ ಹದಿನೈದು ಸೆಕೆಂಡಿನೊಳಗೆ ಮರಳಬೇಕು.
ಹದಿನೈದು ಸೆಕೆಂಡು!
ನಮ್ಮ ಮನೆಯಲ್ಲಿ ಕರೆಂಟು ಹೋದರೆ
ಚಿಕ್ಕಮ್ಮ ಬಸಿಲಿಯಾ ಕಡ್ಡಿಪೆಟ್ಟಿಗೆಗೆ ತಡಕಾಡಿ
ಮೊದಲು ಬೆಕ್ಕನ್ನು ಬೈದು, ಆಮೇಲೆ ಸರಕಾರವನ್ನು,
ಕಡ್ಡಿ ಗೀರುವ ಹೊತ್ತಿಗೆ
ವಿಮಾನ ಇಳಿದು, ಜನ ಇಳಿದು, ಟ್ಯಾಕ್ಸಿಯವನ ಜೊತೆ
ಚೌಕಾಸಿಯೂ ಮುಗಿದಿರುತ್ತದೆ.

ಗ್ಯಾಸಿನ ಲೆಕ್ಕದಲ್ಲಿ ಒಂದು ಸಂಖ್ಯೆಯಿದೆ,
ಎಲ್ಲರೂ ಒಂದೇ ಹೊತ್ತಿಗೆ ಒಲೆ ಹಚ್ಚುವುದಿಲ್ಲ
ಎಂಬ ನಂಬಿಕೆಯ ಸಂಖ್ಯೆ.
ಬಾಯ್ಲರು ಉರಿಯುವಾಗ ಹೋಟೆಲಿನ ಅಡುಗೆಮನೆ ಮಲಗಿರುತ್ತದೆ.
ಆದ್ದರಿಂದ ಸೊನ್ನೆ ಬಿಂದು ಏಳು ಎಂದು ಬರೆದು
ಪೈಪನ್ನು ಸಣ್ಣದು ಮಾಡುತ್ತೇವೆ.
ಆದರೆ ನಾನು ಹುಟ್ಟಿದ ಬೀದಿಯಲ್ಲಿ
ಎಲ್ಲರೂ ಒಂದೇ ಹೊತ್ತಿಗೆ ಹಚ್ಚುತ್ತಾರೆ, ಬೆಳಗಿನ ಜಾವ ನಾಲ್ಕಕ್ಕೆ,
ಮಿನಿಬಸ್ಸಿನ ಡ್ರೈವರುಗಳಿಗೆ
ನೇರಳೆ ಜೋಳದ ಆಪಿ ಕುದಿಸಲು.
ಆ ಬೀದಿಯ ಸಂಖ್ಯೆ ಪೂರಾ ಒಂದು.

ಪೈಪು ಹೋಗುವುದು ಆ ಬೀದಿಯ ಅಡಿಯಲ್ಲೇ.
ಒಂದೂವರೆ ಮೀಟರು ಆಳ, ಅದರ ಮೇಲೆ ಎಚ್ಚರಿಕೆಯ ಪಟ್ಟಿ,
ಪಟ್ಟಿಯ ಮೇಲೆ ಮಣ್ಣು, ಮಣ್ಣಿನ ಮೇಲೆ
ಹಳದಿ ಸಿಲಿಂಡರುಗಳ ಸಾಲು,
ಸಾಲಿನ ಪಕ್ಕ ಶಾಲು ಹೊದ್ದು ಕೂತವರು.
ಲಾರಿ ಬಂದರೆ ಬಂತು. ಇಲ್ಲದಿದ್ದರೆ ನಾಳೆ.

ಅಳತೆಗೆ ಹೋದ ದಿನ ಚಿಕ್ಕಮ್ಮ ಕೇಳಿದಳು:
ನಮ್ಮ ಕಾಲಡಿಯೇ ಹೋಗುತ್ತದಂತಲ್ಲ, ಸದ್ದು ಕೇಳಿಸುತ್ತದೆಯೇ?
ಇಲ್ಲ, ಎಂದೆ.
ವಾಸನೆ?
ಬಂದರೆ ಓಡು, ಎಂದೆ.
ಅವಳು ನಕ್ಕು ಲೋಟಕ್ಕೆ ಆಪಿ ಸುರಿದಳು.
ದುಡ್ಡು ತೆಗೆದುಕೊಳ್ಳಲಿಲ್ಲ. ಅದೇ ಭಾರವಾಯಿತು.

ಆ ರಾತ್ರಿ ನಕ್ಷೆಯ ಹದಿನೇಳನೇ ಹಾಳೆಯಲ್ಲಿ
ನೇರ ಹೋಗುವ ಗೆರೆಗೆ ಒಂದು ಕವಲು ಬರೆದೆ.
ಎರಡು ಬಾಯಿ ಸಾಕಿದ್ದ ಕಡೆ ಮೂರು.
ಮೂರನೆಯದಕ್ಕೆ ಉಕ್ಕಿನ ಮುಚ್ಚಳ, ಎಂಟು ಬೋಲ್ಟು.
ಷರಾ: ಮುಂದಿನ ಬೆಳವಣಿಗೆಗೆ.
ಯಾರ ಬೆಳವಣಿಗೆ ಎಂದು ಬರೆಯಲಿಲ್ಲ.
ಪೈಪಿನ ವ್ಯಾಸ ಒಂದು ಸುತ್ತು ಹಿಗ್ಗಿಸಿದೆ.
ಅದಕ್ಕೂ ಕಾರಣ ವಿಮಾನವೇ ಎಂದೆ.

ದೊನ್ ಎವಾರಿಸ್ತೊ ಕನ್ನಡಕ ಹಣೆಗೇರಿಸಿ ನೋಡಿದರು.
ಬೆರಳು ಆ ಮುಚ್ಚಳದ ಮೇಲೆ ನಿಂತಿತು.
ಇಲ್ಲಿ ಟರ್ಮಿನಲ್ಲು ಇಲ್ಲವಲ್ಲ?
ಈಗ ಇಲ್ಲ, ಎಂದೆ.
ಬಹಳ ಹೊತ್ತು ಪೆನ್ನಿನ ಟೋಪಿ ತಿರುಗಿಸುತ್ತ ಕೂತರು.
ಅವರ ತಾಯಿ ಯಾವ ಸಾಲಿನಲ್ಲಿ ನಿಂತವಳೋ
ನನಗೆ ತಿಳಿಯದು. ಸಹಿ ಹಾಕಿದರು.

ಈಗ ಅದು ಮಣ್ಣಿನೊಳಗಿದೆ.
ಮೇಲೆ ಸಾಲು ಹಾಗೇ ಇದೆ.
ಮುಚ್ಚಳ ತೆಗೆಯಲು ಯಾರ ಅರ್ಜಿ, ಯಾವ ಇಲಾಖೆ, ಎಷ್ಟು ಮುದ್ರೆ,
ಗೊತ್ತಿರುವುದರಿಂದಲೇ ಹೇಳುವುದಿಲ್ಲ.
ಪಾನಾದ ಸೈಜು ಮಾತ್ರ ಹೇಳಬಲ್ಲೆ:
ಇಪ್ಪತ್ತನಾಲ್ಕು.